ಒಳಗಿನ ಮನಸ್ಸುಗಳ ಪರ್ಮಿಷನ್ ಕೇಳಿ ಥೆರಪಿ: ಐಎಫ್‌ಎಸ್ ಜೊತೆ ಇಎಂಡಿಆರ್, ಸಿಬಿಟಿ, ಡಿಬಿಟಿ ಸೇರ್ಸೋದು ಹೇಗೆ

"ಒಂದು ಮನಸ್ಸು ಕೆಲ್ಸ ಬಿಟ್ಬಿಡು ಅನ್ನತ್ತೆ ಮೇಡಂ, ಇನ್ನೊಂದು ಮನಸ್ಸು ಇಎಂಐ ಯಾರು ಕಟ್ತಾರೆ ಅನ್ನತ್ತೆ." ಕೌನ್ಸೆಲಿಂಗ್ ರೂಮಲ್ಲಿ ಈ ಥರದ ಮಾತು ದಿನಾ ಕೇಳ್ತೀನಿ. ಅದಕ್ಕೇ ಕನ್ನಡದವ್ರಿಗೆ ಪಾರ್ಟ್ಸ್ ಥೆರಪಿ (ಒಳಗಿನ ಬೇರೆ ಬೇರೆ ಮನಸ್ಸುಗಳ ಜೊತೆ ಮಾತಾಡಿ ಮಾಡೋ ಥೆರಪಿ) ಅಂದ್ರೇನು ಅಂತ ಹೇಳೋಕೆ ನಾನು ಬೋರ್ಡ್ ಮೇಲೆ ಚಿತ್ರ ಬರೆಯೋದನ್ನ ಯಾವಾಗ್ಲೋ ಬಿಟ್ಟೆ, ಅವ್ರ ಮಾತನ್ನೇ ಹಿಡ್ಕೊಂಡು "ಆ ಇನ್ನೊಂದು ಮನಸ್ಸಿಗೆ ಏನ್ ಭಯ, ಕೇಳೋಣ್ವಾ?" ಅಂದ್ರೆ ಸಾಕು, ಶುರು ಆಯ್ತು.

ಈ ಬರಹ ಮುಖ್ಯವಾಗಿ ಈಗಾಗ್ಲೇ ಸಿಬಿಟಿನೋ (ಯೋಚನೆ, ನಡವಳಿಕೆ ಬದಲಾಯ್ಸೋ ಥೆರಪಿ) ಇಎಂಡಿಆರೋ (ಕಣ್ಣು ಆಡ್ಸ್ತಾ ಅಥವಾ ಟ್ಯಾಪಿಂಗ್ ಮಾಡ್ತಾ ಹಳೇ ನೋವಿನ ನೆನಪಿನ ಕಾವು ಇಳಿಸೋ ಥೆರಪಿ) ಕಲಿತು ಪ್ರಾಕ್ಟೀಸ್ ಮಾಡ್ತಿರೋ ಕೌನ್ಸೆಲರ್‌ಗಳಿಗೆ. ಥೆರಪಿಗೆ ಹೋಗ್ತಿರೋರು ಓದಿದ್ರೂ ನಷ್ಟ ಇಲ್ಲ, ಆದ್ರೆ ಮನೇಲಿ ಒಬ್ರೇ ಕೂತು ಹಳೇ ಗಾಯ ಕೆದಕೋಕೆ ಇದನ್ನ ಬಳಸ್ಬೇಡಿ. ಉದಾಹರಣೆಗಳು ಯಾರೋ ಒಬ್ರದ್ದಲ್ಲ, ಹಲವರದ್ದು ಸೇರ್ಸಿ ಗುರುತು ಸಿಗದ ಹಾಗೆ ಬದಲಾಯ್ಸಿದ್ದು.

ಮೊದ್ಲು ಗೊತ್ತಿಲ್ದವ್ರಿಗೆ ಎರಡು ಮಾತು. ಐಎಫ್‌ಎಸ್, ಅಂದ್ರೆ ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್, ಪಾರ್ಟ್ಸ್ ಥೆರಪಿಯ ಒಂದು ಬಗೆ, ರಿಚರ್ಡ್ ಶ್ವಾರ್ಟ್ಜ್ ಅನ್ನೋ ಅಮೆರಿಕದ ಫ್ಯಾಮಿಲಿ ಥೆರಪಿಸ್ಟ್ 1980ರ ದಶಕದಲ್ಲಿ ಕಟ್ಟಿದ್ದು, ಬುಲಿಮಿಯಾ (ವಿಪರೀತ ತಿಂದು ಆಮೇಲೆ ವಾಂತಿ ಮಾಡ್ಕೊಳ್ಳೋ ಥರದ ಊಟದ ಕಾಯಿಲೆ) ಇದ್ದ ಕ್ಲೈಂಟ್‌ಗಳು ತಮ್ಮೊಳಗೆ ಜಗಳ ಆಡೋ ಬೇರೆ ಬೇರೆ ಭಾಗಗಳ ಬಗ್ಗೆ ಹೇಳೋದನ್ನ ಕೇಳಿ ಕೇಳಿ ಅವ್ರಿಗೆ ಇದು ಹೊಳೀತು. ಇದರಲ್ಲಿ ಮೂರು ಥರ ಮನಸ್ಸು. ನೋವಾಗದ ಹಾಗೆ ಮುಂಚೆನೇ ಎಲ್ಲ ಕಂಟ್ರೋಲ್ ಮಾಡೋದು ಮ್ಯಾನೇಜರ್, ನೋವು ಎದ್ದೇಬಿಟ್ಟಾಗ ಕುಡಿತನೋ ಮೊಬೈಲೋ ಸಿಟ್ಟೋ ಏನಾದ್ರೂ ಸುರಿದು ಆರ್ಸೋದು ಫೈರ್‌ಫೈಟರ್, ಈ ಇಬ್ಬರೂ ಸೇರಿ ಒಳಗೆ ಬಚ್ಚಿಟ್ಟಿರೋ ಹಳೇ ನೋವಿನ ಮನಸ್ಸು ಎಕ್ಸೈಲ್. ಇವೆಲ್ಲದರ ಆಚೆ ಸಮಾಧಾನವಾಗಿ ನೋಡೋ ಒಂದು ಜಾಗ ಇರತ್ತೆ, ಅದನ್ನ ಸೆಲ್ಫ್ ಅಂತಾರೆ. (ಇದು ಆತ್ಮ ತಾನೇ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ನಾನು ವಾದಕ್ಕೆ ಹೋಗಲ್ಲ, ಒಂದು ಗಂಟೆ ಸೆಷನ್ ಅದ್ರಲ್ಲೇ ಹೋಗತ್ತೆ.) ಎರಿಕ್ ಬರ್ನ್ ಅವರ ಟಿಎ (ಟ್ರಾನ್ಸಾಕ್ಷನಲ್ ಅನಾಲಿಸಿಸ್ ಅನ್ನೋ ಥೆರಪಿ) ಕಲಿತವ್ರಿಗೆ ಪೇರೆಂಟ್, ಅಡಲ್ಟ್, ಚೈಲ್ಡ್ ಗೊತ್ತಿರೋದ್ರಿಂದ ಇದು ಅಷ್ಟೇನೂ ಹೊಸದು ಅನ್ಸಲ್ಲ.

ಈಗ ವಿಷಯಕ್ಕೆ ಬರ್ತೀನಿ. ಸೇರ್ಸೋದು ಅಂದ್ರೆ ಈ ವಾರ ಐಎಫ್‌ಎಸ್, ಮುಂದಿನ ವಾರ ಇಎಂಡಿಆರ್, ಆಮೇಲಿನ ವಾರ ಏನೋ ಬ್ರೀದಿಂಗ್ ಅಂತಲ್ಲ. ನಾನೂ ಶುರುವಲ್ಲಿ ಹಾಗೇ ಮಾಡ್ದೆ, ವರ್ಕ್‌ಶಾಪ್ ಮುಗಿಸ್ಕೊಂಡು ಬಂದ ಸೋಮವಾರ ಎಲ್ಲ ಕ್ಲೈಂಟ್‌ಗೂ ಅದೇ ಹೊಸ ಟೆಕ್ನಿಕ್, ಕೊನೆಗೆ ಒಬ್ರು "ಸರ್ತಿಗೊಂದು ಮಾಡ್ತೀರಲ್ಲ, ನನ್ನ ಸಮಸ್ಯೆ ಏನು ಅಂತ ನಿಮಗೆ ಗೊತ್ತಾಗಿದ್ಯಾ?" ಅಂತ ಕೇಳಿದ್ರು. ಅವ್ರು ಕೇಳಿದ್ದು ಸರಿನೇ. ಆವತ್ತಿಂದ ಒಂದು ಮೇನ್ ರೋಡ್ ಇಟ್ಕೋತೀನಿ. ಪಿಟಿಎಸ್‌ಡಿ (ದೊಡ್ಡ ಆಘಾತ ಆದ್ಮೇಲೆ ಬಿಡದೇ ಕಾಡೋ ಮಾನಸಿಕ ತೊಂದ್ರೆ) ಇದ್ರೆ ಮೇನ್ ರೋಡ್ ಇಎಂಡಿಆರ್ ಅಥವಾ ಟ್ರಾಮಾ ಫೋಕಸ್ಡ್ ಸಿಬಿಟಿ, ಯಾಕಂದ್ರೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಇವೆರಡನ್ನ ಶಿಫಾರಸು ಮಾಡಿದೆ, ಐಎಫ್‌ಎಸ್‌ಗೆ ಅಷ್ಟು ರಿಸರ್ಚ್ ಬಲ ಇನ್ನೂ ಇಲ್ಲ. ಪಾರ್ಟ್ಸ್ ಕೆಲಸ ಆ ರೋಡಿನ ಮೇಲೆ ಹೋಗೋಕೆ ಒಳಗಿನವ್ರ ಒಪ್ಪಿಗೆ ತಗೊಳ್ಳೋಕೆ. ಯಾವ್ದೇ ಟೆಕ್ನಿಕ್ ಶುರು ಮಾಡೋ ಮುಂಚೆ ಒಂದೇ ಪ್ರಶ್ನೆ ಕೇಳಿ: "ಇದನ್ನ ಮಾಡೋದು ಬೇಡ ಅಂತಿರೋ ಮನಸ್ಸು ಯಾವ್ದಾದ್ರೂ ಇದ್ಯಾ?" ಇರತ್ತೆ, ಹೆಚ್ಚುಕಮ್ಮಿ ಯಾವಾಗ್ಲೂ ಇರತ್ತೆ.

ಇಎಂಡಿಆರ್ ಜೊತೆ

ಇದು ಚೆನ್ನಾಗಿ ಹೊಂದ್ಕೊಳ್ಳೋ ಜೋಡಿ, ಎಡವೋದೂ ಇಲ್ಲೇ ಜಾಸ್ತಿ. ಫ್ರಾನ್ಸಿನ್ ಶಪಿರೊ ರೂಪಿಸಿದ ಇಎಂಡಿಆರ್‌ನಲ್ಲಿ ಎಂಟು ಹಂತ ಇದೆ, ಎರಡನೇದು ತಯಾರಿ, ನಾಲ್ಕನೇದ್ರಲ್ಲಿ ನೆನಪನ್ನ ಇಟ್ಕೊಂಡು ಕಣ್ಣು ಆ ಕಡೆ ಈ ಕಡೆ ಆಡ್ಸೋದೋ ಟ್ಯಾಪಿಂಗೋ. ತಯಾರಿ ಹಂತಾನ ನಮ್ಮಲ್ಲಿ ಎಷ್ಟೋ ಜನ ಒಂದು ಸೇಫ್ ಪ್ಲೇಸ್ ಕಲ್ಪನೆ ಮಾಡ್ಸಿ ಮುಗಿಸ್ಬಿಡ್ತೀವಿ. ಪಾರ್ಟ್ಸ್ ಕೆಲಸಕ್ಕೆ ಸರಿಯಾದ ಜಾಗ ಅದೇ.

ಒಬ್ಬ ಹೆಂಗಸು, ಸಣ್ಣ ವಯಸ್ಸಲ್ಲಿ ಆದ ಒಂದು ಆಕ್ಸಿಡೆಂಟ್ ನೆನಪು. ಎಷ್ಟು ಕಷ್ಟ ಅನ್ಸತ್ತೆ ಅಂತ 0ಯಿಂದ 10ರವರೆಗೆ ಹೇಳಿ ಅಂದ್ರೆ 8 ಅಂದ್ರು. ಟ್ಯಾಪಿಂಗ್ ಶುರು ಮಾಡಿದ್ವಿ, 7ಕ್ಕೆ ಬಂತು, ಅಲ್ಲಿಂದ ಅಲ್ಲಾಡ್ಲಿಲ್ಲ. ಮೂರನೇ ಸೆಟ್ಟಿಗೆ (ಅಂದ್ರೆ ಟ್ಯಾಪಿಂಗ್‌ನ ಮೂರನೇ ಸುತ್ತಿಗೆ) ಆಕಳಿಕೆ, ಐದನೇದಕ್ಕೆ ಕಣ್ಣೇ ಬಿಡೋಕಾಗ್ತಿಲ್ಲ, "ಸಾರಿ ಮೇಡಂ, ರಾತ್ರಿ ನಿದ್ದೆ ಆಗಿಲ್ಲ ಅನ್ಸತ್ತೆ." ರಾತ್ರಿ ಎಂಟು ಗಂಟೆ ಮಲಗಿದ್ದೆ ಅಂತ ಬಂದ ತಕ್ಷಣ ಹೇಳಿದ್ರು! ಟ್ಯಾಪಿಂಗ್ ನಿಲ್ಲಿಸಿ, "ಈಗ ನಿದ್ದೆ ಬರ್ಸ್ತಿರೋ ಮನಸ್ಸೊಂದು ಇದ್ರೆ, ಅದನ್ನ ಓಡ್ಸೋದು ಬೇಡ, ಬರಿಸ್ದೇ ಇದ್ರೆ ಏನಾಗತ್ತೆ ಅಂತ ಅದಕ್ಕೆ ಭಯ ಅಂತ ಕೇಳಿ ನೋಡಿ" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಅಳೋಕೆ ಶುರು ಮಾಡಿದ್ರೆ ನಿಲ್ಲಲ್ಲ, ನಾಲ್ಕು ಗಂಟೆಗೆ ಪಾಪೂನ ಸ್ಕೂಲಿಂದ ಕರ್ಕೊಂಡ್ ಬರ್ಬೇಕು, ಕಣ್ಣು ಊದ್ಕೊಂಡಿದ್ರೆ ಅತ್ತೆ ಕೇಳ್ತಾರೆ."

ನೋಡಿ, ಇಷ್ಟು ನ್ಯಾಯವಾದ ಕಾರಣ ಇಟ್ಕೊಂಡಿರೋ ಮನಸ್ಸನ್ನ ನಾವು ರೆಸಿಸ್ಟೆನ್ಸ್ ಅಂತ ಫೈಲಲ್ಲಿ ಬರೀತೀವಿ. ಆ ದಿನ ಟ್ಯಾಪಿಂಗ್ ಮುಂದುವರ್ಸಲಿಲ್ಲ, ಅದ್ರ ಜೊತೆ ಒಪ್ಪಂದ ಮಾಡ್ಕೊಂಡ್ವಿ: ಸೆಷನ್ ಬೆಳಗ್ಗೆ 10ಕ್ಕೆ ಬದಲಾಯ್ಸೋದು, ಮುಗಿಯೋಕೆ 20 ನಿಮಿಷ ಇರುವಾಗ ನೆನಪಿನ ಕೆಲಸ ನಿಲ್ಲಿಸೋದು, ಜಾಸ್ತಿ ಆಯ್ತು ಅನ್ಸಿದ್ರೆ ಆ ಮನಸ್ಸು ಕೈ ಎತ್ತಬಹುದು. ಮುಂದಿನ ಸರ್ತಿ ಆಕಳಿಕೆ ಬರ್ಲಿಲ್ಲ. ಪ್ರೊಸೆಸಿಂಗ್ ಮಧ್ಯ ಸಿಕ್ಕಾಕ್ಕೊಂಡಾಗ್ಲೂ ಇದೇ ದಾರಿ, ಎರಡು ಸೆಟ್ಟು ಏನೂ ಬದಲಾಗ್ದೇ ಇದ್ರೆ ನಿಲ್ಲಿಸಿ "ಈಗ ಯಾರು ಅಡ್ಡ ನಿಂತಿದ್ದಾರೆ" ಅಂತ ಕೇಳೋದು, ಉತ್ತರ ಬಂದ್ಮೇಲೆ ವಾಪಸ್ ಟ್ಯಾಪಿಂಗ್. ಅಲ್ಲೇ ಅರ್ಧ ಗಂಟೆ ಹರಟೆಗೆ ಕೂರ್ಬೇಡಿ, ಇಎಂಡಿಆರ್ ತನ್ನ ಕೆಲಸ ಮಾಡೋಕೆ ಬಿಡ್ಬೇಕು.

ಸಿಬಿಟಿ ಜೊತೆ

ಸಿಬಿಟಿ ಥಾಟ್ ರೆಕಾರ್ಡಲ್ಲಿ ಸನ್ನಿವೇಶ, ಯೋಚನೆ, ಭಾವನೆ, ಪರ ಪುರಾವೆ, ವಿರುದ್ಧ ಪುರಾವೆ ಅಂತ ಕಾಲಂ ಇರತ್ತಲ್ಲ, "ನಾನು ಯಾವ್ದಕ್ಕೂ ಲಾಯಕ್ಕಿಲ್ಲ" ಅನ್ನೋ ಯೋಚನೆಗೆ ಕ್ಲೈಂಟ್ ಪಾಪ ಹತ್ತು ವಿರುದ್ಧ ಪುರಾವೆ ಬರ್ಕೊಂಡು ಬಂದು "ತಲೆಗೆ ಗೊತ್ತು, ಆದ್ರೆ ಒಳಗೆ ಇಳೀತಿಲ್ಲ" ಅಂತಾರೆ. ಪುರಾವೆ ಕಾಲಮ್ಮಿಗೆ ಮುಂಚೆ ಒಂದು ಕಾಲಂ ಸೇರ್ಸಿ: "ಇದನ್ನ ಹೇಳ್ತಿರೋ ಮನಸ್ಸು ಯಾವ್ದು, ಹೇಳೋದು ನಿಲ್ಲಿಸಿದ್ರೆ ಏನಾಗತ್ತೆ ಅಂತ ಅದಕ್ಕೆ ಹೆದ್ರಿಕೆ?" ಎಷ್ಟೋ ಸಲ ಬರೋ ಉತ್ತರ, "ಬೈದೇ ಇದ್ರೆ ಸೋಮಾರಿ ಆಗ್ತಾನೆ" ಅಂತ. ಅದು ಬಂದ್ಮೇಲೆ ಪುರಾವೆ ನೋಡಿದ್ರೆ ವಾದ ಅನ್ಸಲ್ಲ, ಆ ಮನಸ್ಸಿಗೆ ಈಗಿನ ಸುದ್ದಿ ಕೊಟ್ಟ ಹಾಗಿರತ್ತೆ: ಇವನಿಗೀಗ 34 ವರ್ಷ, ಬೈಯ್ದೇ ಇದ್ರೂ ಕೆಲಸಕ್ಕೆ ಹೋಗ್ತಾನೆ.

ಇಲ್ಲಿ ಇಂಗ್ಲಿಷಲ್ಲಿ ಸಿಗದ, ಕನ್ನಡದಲ್ಲಿ ಸಿಗೋ ಒಂದು ಕ್ಲೂ ಇದೆ. ಒಳಗಿನ ಮನಸ್ಸು ಕ್ಲೈಂಟ್ ಜೊತೆ ಏಕವಚನದಲ್ಲಿ ಮಾತಾಡತ್ತಾ, ಕ್ಲೈಂಟ್ ಅದನ್ನ ಅದು ಅಂತಾರಾ, ಅವನು ಅಂತಾರಾ, ಅವ್ರು ಅಂತಾರಾ ಕೇಳಿಸ್ಕೊಳ್ಳಿ. ಒಬ್ಬ ಹುಡುಗ ತನ್ನೊಳಗಿನ ಬೈಯೋ ಮನಸ್ಸಿಗೆ ಸತತವಾಗಿ "ಅವ್ರು ಹೀಗಂತಾರೆ" ಅಂತಿದ್ದ. ಯಾರ ದನಿ ಥರ ಇದೆ ಅಂತ ಕೇಳಿದ್ರೆ ತಾತಂದು. ಇಂಗ್ಲಿಷಲ್ಲಿ ಸೆಷನ್ ಮಾಡಿದ್ದಿದ್ರೆ ಅದು ಅಷ್ಟು ಬೇಗ ಗೊತ್ತಾಗ್ತಿರ್ಲಿಲ್ಲ. ಆದ್ರೆ ನೀವಾಗೇ ದನಿಗೆ ಹೆಸ್ರು ಕೊಡ್ಬೇಡಿ, "ಇದು ನಿಮ್ಮಪ್ಪ ಅಲ್ವಾ" ಅಂತ ಬಾಯಿಗೆ ಮಾತು ತುರುಕಿದ್ರೆ ಇಲ್ದಿರೋ ನೆನಪು ಹುಟ್ಕೊಳ್ಳೋ ಅಪಾಯ ನಿಜವಾಗ್ಲೂ ಇದೆ.

ಡಿಬಿಟಿ ಜೊತೆ

ಕೈ ಕೊಯ್ಕೋಬೇಕು ಅನ್ನೋ ತುಡಿತ ಎದ್ದಿರುವಾಗ ಆ ಫೈರ್‌ಫೈಟರ್ ಜೊತೆ ಉದ್ದದ ಮಾತುಕತೆ ಬೇಡ. ಮೊದ್ಲು ಡಿಬಿಟಿ (ತೀವ್ರ ಭಾವನೆ ನಿಭಾಯ್ಸೋದನ್ನ ಕಲಿಸೋ ಥೆರಪಿ) ರೂಪಿಸಿದ ಮಾರ್ಷಾ ಲೈನೆಹನ್ ಕೊಟ್ಟ ಸ್ಕಿಲ್ಸ್, ಅಂದ್ರೆ ಮುಖಕ್ಕೆ ತಣ್ಣೀರು, ಜೋರಾಗಿ ಒಂದು ರೌಂಡ್ ನಡಿಗೆ, ನಿಧಾನ ಉಸಿರು (ಹಾರ್ಟ್ ತೊಂದ್ರೆ ಇದ್ರೆ ತಣ್ಣೀರಿಗೆ ಮುಂಚೆ ಡಾಕ್ಟ್ರನ್ನ ಕೇಳ್ಬೇಕು). ಮಾತುಕತೆ ಮಾರನೇ ದಿನ, ಚೈನ್ ಅನಾಲಿಸಿಸ್ (ಆ ತುಡಿತದವರೆಗೆ ಏನೇನಾಯ್ತು ಅಂತ ಒಂದೊಂದೇ ಕೊಂಡಿ ಬಿಡಿಸಿ ನೋಡೋದು) ಮಾಡುವಾಗ, ಒಂದೊಂದು ಕೊಂಡಿಗೂ "ಇಲ್ಲಿ ಯಾವ ಮನಸ್ಸು ಸ್ಟೇರಿಂಗ್ ಹಿಡ್ಕೊಂಡಿತ್ತು" ಅಂತ ಕೇಳಿ, ನಾಚಿಕೆ ಕಮ್ಮಿ ಆಗಿ ಜನ ನಿಜ ಹೇಳ್ತಾರೆ. ಸಾಯೋ ಯೋಚನೆ ಇದ್ರೆ ಸೇಫ್ಟಿ ಪ್ಲಾನ್ ಮೊದ್ಲು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಫೋನಲ್ಲಿ ಸೇವ್ ಮಾಡ್ಸಿ, ಅದ್ರಲ್ಲಿ ಕನ್ನಡದಲ್ಲೂ ಮಾತಾಡ್ತಾರೆ, ಫ್ರೀ.

ಒಸಿಡಿ ಇದ್ರೆ ಸ್ವಲ್ಪ ತಡೀರಿ

ಒಸಿಡಿ ಅಂದ್ರೆ ಬೇಡದ ಯೋಚನೆ ಪದೇ ಪದೇ ಬಂದು, ಅದನ್ನ ತಣಿಸೋಕೆ ಒಂದೇ ಕೆಲಸ ಮತ್ತೆ ಮತ್ತೆ ಮಾಡ್ಸೋ ಕಾಯಿಲೆ, ಆ ಕೆಲಸಕ್ಕೆ ಕಂಪಲ್ಷನ್ ಅಂತಾರೆ. ಗ್ಯಾಸ್ ಆಫ್ ಮಾಡಿದ್ನಾ ಇಲ್ವಾ ಅನ್ನೋ ಡೌಟ್ ಮನಸ್ಸಿನ ಜೊತೆ ಕೂತು "ನಿಂಗೇನ್ ಭಯ, ಹೇಳು" ಅಂತ ಸಮಾಧಾನ ಮಾಡ್ತಾ ಹೋದ್ರೆ ಆ ಸಮಾಧಾನನೇ ಹೊಸ ಕಂಪಲ್ಷನ್ ಆಗತ್ತೆ. ಒಸಿಡಿಗೆ ಮೇನ್ ರೋಡ್ ಇಆರ್‌ಪಿ, ಅಂದ್ರೆ ಭಯ ಎದುರಿಸಿ ಚೆಕ್ ಮಾಡ್ದೇ ಇರೋದು, ಬೇಕಾದ್ರೆ ಮಾತ್ರೆ. ಪಾರ್ಟ್ಸ್ ಕೆಲಸ ಇಲ್ಲಿ ಎಕ್ಸ್‌ಪೋಶರ್‌ಗೆ, ಅಂದ್ರೆ ಭಯ ಎದುರಿಸೋದಕ್ಕೆ, ಮುಂಚೆ ಮಾತ್ರ: ಇಆರ್‌ಪಿ ಬೇಡ ಅಂತಿರೋ ಮನಸ್ಸಿನ ಜೊತೆ, "ಇಂಥ ಯೋಚನೆ ಬರತ್ತೆ ಅಂದ್ರೆ ನಾನು ಕೆಟ್ಟವ್ಳು" ಅಂತಿರೋ ಮನಸ್ಸಿನ ಜೊತೆ. ಎಕ್ಸ್‌ಪೋಶರ್ ನಡೀತಿರುವಾಗ ಡೌಟ್ ಬಂತಾ, ಬಂತು ಅಂತ ಒಂದ್ಸಲ ಹೇಳಿ ಮುಂದಕ್ಕೆ.

ಮಾತ್ರೆ ವಿಷಯ ಬೇಗ ಮುಗಿಸ್ತೀನಿ. ಸೈಕಿಯಾಟ್ರಿಸ್ಟ್ ಬರೆದ ಮಾತ್ರೆನ ಎರಡು ವಾರಕ್ಕೆ ಬಿಟ್ಟುಬಿಡೋರು ಬಹಳ. "ತಗೊಂಡ್ರೆ ಸೋತ ಹಾಗೆ" ಅನ್ನೋ ಮನಸ್ಸನ್ನ ಕೇಳಿಸ್ಕೊಳ್ಳಿ, ಆದ್ರೆ ಡೋಸ್ ಬಗ್ಗೆ ನೀವು ಒಂದಕ್ಷರ ಹೇಳ್ಬೇಡಿ, ಆ ಡೌಟ್‌ಗಳನ್ನ ಒಂದು ಚೀಟೀಲಿ ಬರೆಸಿ ಡಾಕ್ಟ್ರ ಹತ್ರ ಕಳ್ಸಿ.

ಮಾಡ್ಬಾರದ ಕಡೆಗಳೂ ಇವೆ. ಸೈಕೋಸಿಸ್ (ಇಲ್ಲದ್ದು ಇದೆ ಅನ್ಸೋ ಸ್ಥಿತಿ) ಆಕ್ಟಿವ್ ಆಗಿದ್ದು ಕಿವೀಲಿ ದನಿ ಕೇಳ್ತಿರೋರಿಗೆ, ಮೇನಿಯಾದಲ್ಲಿ (ಮನಸ್ಸು ವಿಪರೀತ ಏರಿ ಕಂಟ್ರೋಲ್ ತಪ್ಪಿರೋ ಸ್ಥಿತೀಲಿ) ಇರೋರಿಗೆ ಒಳಗಿನ ದನಿಗಳ ಜೊತೆ ಮಾತಾಡಿ ಅಂತ ಹೇಳ್ಬೇಡಿ. ನಡುವಿನ ಹೊತ್ತು ಮರ್ತು ಹೋಗೋದು, ಬೇರೆಯವ್ರೇ ಆಗಿ ಮಾತಾಡೋದು ಇದ್ರೆ ಡಿಸೋಸಿಯೇಶನ್ (ನೆನಪು, ಗುರುತು ತನ್ನಿಂದ ಬೇರ್ಪಟ್ಟ ಹಾಗಾಗೋ ತೊಂದ್ರೆ) ಬಗ್ಗೆ ಟ್ರೇನಿಂಗ್ ಇರೋರ ಹತ್ರ ಕಳ್ಸಿ. ಮೈಮೇಲೆ ಬರೋದನ್ನ ನೋಡಿ ಬೆಳೆದ ಕುಟುಂಬದವ್ರಿಗೆ ಪಾರ್ಟ್ಸ್ ಅಂದ ತಕ್ಷಣ ಅದೇ ನೆನಪಾಗತ್ತೆ, ಹೆದ್ರಿ ವಾಪಸ್ ಬರ್ದೇ ಇರ್ಬಹುದು, ಅದಕ್ಕೆ ಮೊದಲ ದಿನವೇ "ಇದು ಯಾರೋ ಹೊರಗಿಂದ ಬಂದಿದ್ದಲ್ಲ, ನಿಮ್ಮದೇ ಮನಸ್ಸಿನ ಬೇರೆ ಬೇರೆ ಮಗ್ಗುಲು" ಅಂತ ಹೇಳ್ಬಿಡಿ. ಇನ್ನೊಂದು, ಮನೇಲಿ ಗಂಡ ಇನ್ನೂ ಹೊಡೀತಿದ್ರೆ ಹುಷಾರಾಗಿರು ಅನ್ನೋ ಮನಸ್ಸನ್ನ ಸಡಿಲ ಮಾಡೋಕೆ ಹೋಗ್ಬೇಡಿ, ಅದು ಇವತ್ತಿನ ಡ್ಯೂಟಿ ಮಾಡ್ತಿದೆ.

ಒಬ್ರು ಕ್ಲೈಂಟ್ ಎರಡು ಕಡೆ ಹೋಗ್ತಿದ್ರೆ, ಇಲ್ಲಿ ಪಾರ್ಟ್ಸ್ ಅಲ್ಲಿ ಇಎಂಡಿಆರ್ ಅಂತ, ಅವ್ರ ಲಿಖಿತ ಒಪ್ಪಿಗೆ ತಗೊಂಡು ಇಬ್ರೂ ಥೆರಪಿಸ್ಟ್‌ಗಳು ಒಂದ್ಸಲ ಫೋನಲ್ಲಿ ಮಾತಾಡಿ. ಇಲ್ಲಾಂದ್ರೆ ಒಂದೇ ವಾರದಲ್ಲಿ ಎರಡೂ ಕಡೆ ಅದೇ ಗಾಯ ತೆಗೆದು ಕ್ಲೈಂಟ್ ಶುಕ್ರವಾರದ ಹೊತ್ತಿಗೆ ಸುಸ್ತು.

ಕೊನೇದಾಗಿ, ಕೆಲಸ ಆಗ್ತಿದ್ಯಾ ಅಂತ ನೋಡೋದು ಹೊರಗೆ: ನಿದ್ದೆ, ಊಟ, ಆಫೀಸ್ ರಜಾ, ಯಾರಿಗೆ ಫೋನ್ ಮಾಡೋಕಾಯ್ತು. ಆರೆಂಟು ಸೆಷನ್‌ಗೊಂದ್ಸಲ ಶುರುವಲ್ಲಿ ಬರ್ಕೊಂಡ ಗುರಿ ತೆಗೆದು ಇಬ್ರೂ ಓದಿ. ನನ್ನ ಹತ್ರ ಬರ್ತಿದ್ದ ಒಬ್ರು ದೊಡ್ಡ ಡ್ರಾಯಿಂಗ್ ಶೀಟಲ್ಲಿ ತಮ್ಮ 14 ಮನಸ್ಸುಗಳ ಚಿತ್ರ ಬರೆದಿದ್ರು, ಒಂದೊಂದಕ್ಕೂ ಬಣ್ಣ, ಹೆಸ್ರು, ವಯಸ್ಸು, ನಂಗೂ ಖುಷಿನೇ. ಅವ್ರು ಬಂದಿದ್ದು ಬ್ಯಾಂಕಿಂದ ಬರೋ ಕವರ್‌ಗಳನ್ನ ತೆಗೆಯೋಕೆ ಭಯ ಅಂತ. ಮೂರು ತಿಂಗಳಾದ್ಮೇಲೆ ಕೇಳ್ದೆ, ಕವರ್ ಎಷ್ಟಿದೆ ಈಗ? 11, ಫ್ರಿಜ್ ಮೇಲೆ. ಮುಂದಿನ ವಾರ ಚಾರ್ಟ್ ಮಡ್ಚಿಟ್ವಿ, ಅವ್ರು ಕವರ್‌ಗಳನ್ನ ಬಿಗ್ ಬಜಾರ್ ಚೀಲದಲ್ಲಿ ತುಂಬ್ಕೊಂಡು ಬಂದ್ರು, ಬೇಡ ಅಂತಿದ್ದ ಮನಸ್ಸಿಗೆ ಎರಡು ನಿಮಿಷ ಕೊಟ್ಟು, ಮೊದಲನೇ ಕವರ್ ನನ್ನ ಟೇಬಲ್ ಮೇಲೇ ಒಡೆದ್ರು.