ಸ್ಮಾರ್ಟ್ ಲೆಗ್ಗಿಂಗ್: ಮಂಡಿ, ತೊಡೆಯ ಬಲ ಅಳೆಯುವುದು ಹೇಗೆ?

ವಯಸ್ಸಾಗುತ್ತ ತೊಡೆಯ ಮುಂಭಾಗದ ಸ್ನಾಯು ಸೊರಗಿದರೆ ಕುರ್ಚಿಯಿಂದ ಏಳುವುದೂ ಮೆಟ್ಟಿಲಿಳಿಯುವುದೂ ಕಷ್ಟವಾಗುತ್ತದೆ. ಈ ಬದಲಾವಣೆಯನ್ನು ಬೇಗ ಗುರುತಿಸಲು ಸ್ಮಾರ್ಟ್ ಲೆಗ್ಗಿಂಗ್, ಅಂದರೆ ಸೆನ್ಸರ್‌ಗಳಿರುವ ಕಾಲುಡುಪು, ನೆರವಾಗುತ್ತದೆ. ಆದರೆ ಪ್ರತಿ ಸಲವೂ ಒಂದೇ ಕ್ರಮದಲ್ಲಿ ತೊಟ್ಟರೆ ಮಾತ್ರ ಅದರ ಅಂಕಿಗಳನ್ನು ನಂಬಬಹುದು.

ಬೆಳ್ಳಿ ಲೇಪಿತ ನೈಲಾನ್ ನೂಲಿನ ಎಲೆಕ್ಟ್ರೋಡ್‌ಗಳು ಸ್ನಾಯುವಿನ ವಿದ್ಯುತ್ ಸಂಕೇತವನ್ನು, ಅಂದರೆ ಇಎಂಜಿಯನ್ನು ಹಿಡಿಯುತ್ತವೆ. ತೊಡೆ ಮತ್ತು ಕೆಳಗಾಲಿನ ಚಲನೆ ಸೆನ್ಸರ್‌ಗಳು ಮಂಡಿ ಮಡಚುವ ಕೋನವನ್ನು ಲೆಕ್ಕ ಹಾಕುತ್ತವೆ.

ಮಂಡಿ ಮಡಚಿದಾಗಲೂ ಬಟ್ಟೆ ಸುಕ್ಕುಗಟ್ಟಬಾರದು. ಹಾಗೆಂದು ಅತಿ ಬಿಗಿಯೂ ಬೇಡ: ಕಾಲು ಜೋಮು ಹಿಡಿದರೆ, ಚರ್ಮದಲ್ಲಿ ಆಳದ ಗುರುತು ಉಳಿದರೆ ದೊಡ್ಡ ಅಳತೆ ಬೇಕು. ಪೇಸ್‌ಮೇಕರ್ ಇರುವವರು, ಕಾಲಿನ ರಕ್ತನಾಳ ಕಿರಿದಾಗಿರುವವರು ಮೊದಲೇ ವೈದ್ಯರನ್ನು ಕೇಳಬೇಕು.

ಅಳೆಯುವ ದಿನ ಕಾಲಿಗೆ ಎಣ್ಣೆ, ಕ್ರೀಮ್ ಹಚ್ಚಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಎಲೆಕ್ಟ್ರೋಡ್‌ಗಳಿಗೆ ಕೆಲವು ಹನಿ ನೀರು ಸವರಿ. ಹಿರಿಯರ ಒಣ ಚರ್ಮದಲ್ಲಿ ಸಂಕೇತ ಸರಿಯಾಗಿ ಹಾಯುವುದಿಲ್ಲ. ಕುಳಿತು ಮಂಡಿಯನ್ನು ನೆಟ್ಟಗೆ ಚಾಚಿದಾಗ ಮಂಡಿಚಿಪ್ಪಿನ ಒಳಬದಿ ಮೇಲೆ ಉಬ್ಬುವ ಸ್ನಾಯು ಕಾಣುತ್ತದೆ. ಒಳತೊಡೆಯ ಎಲೆಕ್ಟ್ರೋಡ್ ಜೋಡಿ ಅಲ್ಲಿರಬೇಕು. ಎರಡರ ನಡುವೆ ಸಾಮಾನ್ಯವಾಗಿ 2 ಸೆಂ.ಮೀ. ಅಂತರವಿರುತ್ತದೆ. ಬಟ್ಟೆ ತಿರುಚಿಕೊಂಡರೆ ಪಕ್ಕದ ಸ್ನಾಯುವಿನ ಸಂಕೇತ ಬೆರೆಯುತ್ತದೆ. ಆದ್ದರಿಂದ ಚಿಪ್ಪಿನ ಮೇಲಂಚಿನಿಂದ ಎಲೆಕ್ಟ್ರೋಡ್‌ಗಿರುವ ದೂರವನ್ನು ಟೇಪಿನಲ್ಲಿ ಅಳೆದು ಬರೆದಿಡಿ, ಮುಂದಿನ ಸಲ ಅದನ್ನೇ ಹೊಂದಿಸಿ.

ನಂತರ ನೇರ ನಿಂತು ಲೆಗ್ಗಿಂಗ್‌ನ ಆ್ಯಪ್‌ನಲ್ಲಿ ಮಂಡಿಯ ಕೋನವನ್ನು ಸೊನ್ನೆಗೆ ತನ್ನಿ. ಇಲ್ಲೊಂದು ಮೋಸವಿದೆ. ಸಂಧಿವಾತದಿಂದ ಮಂಡಿ ಪೂರ್ತಿ ನೆಟ್ಟಗಾಗದೆ 10 ಡಿಗ್ರಿ ಬಾಗಿಯೇ ನಿಂತಿದ್ದರೆ, ಆ್ಯಪ್ ಅದನ್ನೇ ಸೊನ್ನೆ ಎಂದುಕೊಂಡು ದೋಷವನ್ನು ಮುಚ್ಚಿಡುತ್ತದೆ. ಅಂಥವರು ಫಿಸಿಯೋಥೆರಪಿಸ್ಟ್‌ರಿಂದ ಗೊನಿಯೋಮೀಟರ್‌ನಲ್ಲಿ (ಕೀಲಿನ ಕೋನ ಅಳೆಯುವ ಸಾಧನ) ಅಳೆಸಿ, ಆ ವ್ಯತ್ಯಾಸವನ್ನು ಪ್ರತಿ ಅಂಕಿಗೂ ಸೇರಿಸಿಕೊಳ್ಳಬೇಕು.

ಪರೀಕ್ಷೆಗೆ ಸುಮಾರು 43 ಸೆಂ.ಮೀ. ಎತ್ತರದ, ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಪಕ್ಕದಲ್ಲಿ ಒಬ್ಬರಿರಲಿ. ಕೈಗಳನ್ನು ಎದೆಗೆ ಕಟ್ಟಿಕೊಂಡು 5 ಸಲ ಎದ್ದು ಕೂರಿ. 15 ಸೆಕೆಂಡಿಗಿಂತ ಹೆಚ್ಚಾದರೆ ಸ್ನಾಯುಬಲ ಕಡಿಮೆಯಾಗಿರಬಹುದು ಎನ್ನುತ್ತದೆ ಸಾರ್ಕೋಪೀನಿಯಾ (ವಯಸ್ಸಾಗುತ್ತ ಸ್ನಾಯು ಸೊರಗುವ ಸ್ಥಿತಿ) ಕುರಿತ ಯುರೋಪಿನ ಪರಿಷ್ಕೃತ ಮಾರ್ಗಸೂಚಿ. ಮೊದಲ ಎರಡು ವಾರ ವಾರಕ್ಕೆ ಮೂರು ಸಲ, ಅದೇ ಹೊತ್ತಿಗೆ ಅಳೆದರೆ ಸಹಜ ಏರಿಳಿತ ಎಷ್ಟೆಂದು ತಿಳಿಯುತ್ತದೆ. ಆಮೇಲೆ ವಾರಕ್ಕೊಮ್ಮೆ ಸಾಕು. ಇಎಂಜಿಯನ್ನು ಬೇರೆಯವರದ್ದಕ್ಕೆ ಹೋಲಿಸಬೇಡಿ. ಚರ್ಮದಡಿಯ ಕೊಬ್ಬು ಹೆಚ್ಚಿದ್ದಷ್ಟೂ ಸಂಕೇತ ಕುಗ್ಗುತ್ತದೆ.

ಪ್ರತಿ ಹೆಜ್ಜೆಗೂ ಆ್ಯಪ್‌ನಲ್ಲಿ ಇಎಂಜಿ ಗೆರೆ ಚೂಪಾಗಿ ಜಿಗಿದರೆ ಎಲೆಕ್ಟ್ರೋಡ್ ಸಡಿಲವಾಗಿದೆ. ಸುಮ್ಮನೆ ಕುಳಿತಾಗಲೂ ಒಂದೇ ಸಮನೆ ಕಂಪಿಸಿದರೆ ಸಂಪರ್ಕ ಒಣಗಿರಬೇಕು, ಇಲ್ಲವೇ ಹತ್ತಿರದಲ್ಲಿ ಚಾರ್ಜರ್ ಇರಬೇಕು. ಕೋನ ಮೆಲ್ಲಗೆ ಸರಿಯುತ್ತಿದ್ದರೆ ಮತ್ತೆ ಸೊನ್ನೆ ಮಾಡಿ.

ತೊಳೆಯುವ ಮುನ್ನ ಬ್ಯಾಟರಿ ಘಟಕ ಬಿಚ್ಚಿ. ತಣ್ಣೀರು, ಸೌಮ್ಯ ಸೋಪು ಸಾಕು. ಬ್ಲೀಚ್ ಬೆಳ್ಳಿಯನ್ನು ಕೆಡಿಸುತ್ತದೆ, ಫ್ಯಾಬ್ರಿಕ್ ಸಾಫ್ಟ್‌ನರ್ ನೂಲಿನ ಮೇಲೆ ಪದರ ಕಟ್ಟುತ್ತದೆ. ಹಿಂಡದೆ ನೆರಳಲ್ಲಿ ಒಣಗಿಸಿ. ಎದ್ದು ಕೂರುವ ವೇಗ ಮೊದಲಿನಂತೆಯೇ ಇದ್ದು ಸಂಕೇತ ಮಾತ್ರ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಸವೆದಿರುವುದು ಸ್ನಾಯುವಲ್ಲ, ಬಟ್ಟೆ ಇರಬಹುದು. ವೇಗವೂ ಕುಗ್ಗಿದ್ದರೆ ದಾಖಲೆಯೊಂದಿಗೆ ಫಿಸಿಯೋಥೆರಪಿಸ್ಟ್‌ರನ್ನು ಕಾಣಿ. ಮಂಡಿ ಊದಿ ಬಿಸಿಯಾದರೆ, ನಡೆಯುವಾಗ ಏಕಾಏಕಿ ಕುಸಿದರೆ, ಆ್ಯಪ್ ಏನೇ ತೋರಿಸಲಿ, ಅಂದೇ ವೈದ್ಯರ ಬಳಿ ಹೋಗಿ.