ಜಿನೀವಾಕ್ಕೆ ಹೋಗುವವರು ಮೊದಲು ತುಮಕೂರಿಗೆ ಬನ್ನಿ

ನಮ್ಮ ಟಿಬಿ ಅಧ್ಯಯನಕ್ಕೆ ಹೊಸದಾಗಿ ಸೇರುವವರನ್ನು ಪಳಗಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮುಗಿಸಿರುತ್ತಾರೆ, ಸಾಫ್ಟ್‌ವೇರ್ ನನಗಿಂತ ಚೆನ್ನಾಗಿ ಗೊತ್ತು. ಕಣ್ಣು ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯ ಮೇಲೆ. ಇರಲಿ, ತಪ್ಪೇನಿಲ್ಲ.

ಮೊದಲ ದಿನ ಅವರ ಕೈಗೆ ಒಂದೇ ಪ್ರಬಂಧ ಕೊಡಿ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ರೋಗಿಗಳನ್ನು ಮಾತಾಡಿಸಿ ಬರೆದದ್ದು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂತು. ಹಳ್ಳಿಯವರಿಗೆ ಕಾಯಿಲೆಯ ಅರಿವೇ ಇಲ್ಲ ಅಂದುಕೊಳ್ಳುವುದು ಸುಲಭ, ಅಲ್ವಾ? ಇವರಿಗೆ ಕಂಡದ್ದೇ ಬೇರೆ. ಅರ್ಧದಷ್ಟು ರೋಗಿಗಳು ಆಗಲೇ ಆಸ್ಪತ್ರೆ ಮೆಟ್ಟಿಲು ಹತ್ತಿದ್ದರು. ಹೆಚ್ಚಿನವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿ ಬಾಟಲಿ. ಕೆಮ್ಮು ಅಂತ ಬಂದವರ ಕಫವನ್ನು ಅಲ್ಲೇ ಪರೀಕ್ಷೆ ಮಾಡಬೇಕು ಅನ್ನುವ ವಾದಕ್ಕೆ ಇದರಿಂದ ಬಲ ಬಂತು.

ಆಮೇಲೆ ಆಶಾ ಕಾರ್ಯಕರ್ತೆಯ ಜೊತೆ ಊರಿಗೆ ಕಳಿಸಿ. ಟ್ಯಾಬ್ ಬೇಡ, ಒಂದು ನೋಟ್‌ಬುಕ್ ಸಾಕು. ನಮ್ಮ ಪ್ರಶ್ನಾವಳಿಯಲ್ಲಿ ‘ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದೆಯೇ?’ ಅಂತ ಇದೆ. ಕೇಳಿದರೆ ‘ಬಹಳ ದಿನ ಆಯ್ತವ್ವ’ ಅಂತಾರೆ. ಇದನ್ನು ‘ಹೌದು’ ಅಂತ ಬರೆದುಕೊಂಡು ಬರುವವರೇ ಜಾಸ್ತಿ. ಹಾಗೆ ಬಿಡಬೇಡಿ. ಊರಿನ ಕ್ಯಾಲೆಂಡರ್ ಮಾಡಿಸಿ: ಸಂತೆ ಯಾವ ವಾರ, ಜಾತ್ರೆ ಯಾವಾಗ, ರಾಗಿ ಕೊಯ್ಲು ಎಂದು ಮುಗಿಯಿತು. ‘ಜಾತ್ರೆಗೆ ಮುಂಚೆಯೋ, ಆಮೇಲೋ?’ ಅಂತ ಕೇಳಿದರೆ ತಟ್ಟನೆ ಉತ್ತರ ಬರುತ್ತದೆ. ಅದನ್ನು ತಾರೀಖಿಗೆ ತಿರುಗಿಸುವ ಕೆಲಸ ನಮ್ಮದು. ಈ ಒಂದು ಪಾಠಕ್ಕೆ ಎಷ್ಟು ದಿನ ಹಿಡಿದರೂ ಪರವಾಗಿಲ್ಲ. ಇಲ್ಲಿ ಎಡವಿದರೆ ಮುಂದಿನ ಲೆಕ್ಕಾಚಾರ ಎಷ್ಟೇ ಅಂದವಾಗಿದ್ದರೂ ಪ್ರಯೋಜನವಿಲ್ಲ.

ಇನ್ನೊಂದು. ಬೇರೆಯವರನ್ನು ಪ್ರಶ್ನೆ ಕೇಳುವ ಮೊದಲು ಅದೇ ಪ್ರಶ್ನಾವಳಿಗೆ ಅವರೇ ಉತ್ತರ ಕೊಡಲಿ. ಆಫೀಸಿನಲ್ಲಿ, ನಾಲ್ಕು ಜನರ ಎದುರು. ಮನೆಯ ಆದಾಯ, ಕುಡಿತ, ಸಾಲ ಎಲ್ಲ. ಮುಜುಗರ ಇದ್ದರೆ ‘ಹೇಳಲ್ಲ’ ಅನ್ನಲಿ. ಒಪ್ಪಿಗೆ ಪತ್ರದಲ್ಲಿ ‘ಯಾವಾಗ ಬೇಕಾದರೂ ನಿಲ್ಲಿಸಬಹುದು’ ಅಂತ ಯಾಕೆ ಇರುತ್ತದೆ ಅನ್ನುವುದು ಆಗ ಅರ್ಥವಾಗುತ್ತದೆ.

ಅಂಕಿಅಂಶದ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ; ಒಳ್ಳೆಯ ಕೋರ್ಸುಗಳು ಬೇಕಾದಷ್ಟಿವೆ. ಇಂಗ್ಲಿಷ್ ಸಮ್ಮೇಳನಕ್ಕೆ ಕಳಿಸುವ ಮೊದಲು ತಾಲ್ಲೂಕಿನ ಟಿಬಿ ಸಿಬ್ಬಂದಿಯ ಎದುರು ಅವರ ಅಧ್ಯಯನದ ಬಗ್ಗೆ ಕನ್ನಡದಲ್ಲಿ ಮಾತಾಡಿಸಿ. ಪ್ರಬಂಧ ಪರಿಶೀಲಿಸುವ ವಿಮರ್ಶಕರು ಬಿಟ್ಟುಬಿಡುವ ಪ್ರಶ್ನೆಗಳನ್ನು ಅಲ್ಲಿ ಕೇಳುತ್ತಾರೆ: ‘ಮಧ್ಯಾಹ್ನ ಹೋದರೆ ಗಂಡಸರು ಮನೇಲಿ ಇರಲ್ಲ, ನೀವು ಯಾವಾಗ ಹೋಗಿದ್ರಿ?’

ಪ್ರಬಂಧದಲ್ಲಿ ಯಾರ ಹೆಸರು ಎಲ್ಲಿ ಬರುತ್ತದೆ ಅನ್ನುವುದನ್ನು ಮಾತ್ರ ಕೊನೆಗೆ ನೋಡೋಣ ಅಂತ ಬಿಡಬೇಡಿ. ಕೆಲಸ ಶುರುವಾಗುವಾಗಲೇ ಕೂತು, ಯಾರು ಏನು ಮಾಡುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಕೆಲಸ ಬದಲಾದರೆ ಪಟ್ಟಿಯನ್ನೂ ತಿದ್ದಿ. ಕಿರಿಯರು ತಾವಾಗಿ ಈ ವಿಷಯ ಎತ್ತುವುದಿಲ್ಲ. ದೊಡ್ಡವರೇ ಎತ್ತಬೇಕು.