ಬ್ಯಾರಲಿನ ತಳದ ನೀರು

ಎರಡು ವರ್ಷದ ಹಿಂದೆ ನಾರಾಯಣಗಾವದ ನಮ್ಮ ದ್ರಾಕ್ಷಿ ತೋಟಕ್ಕೆ ಡೌನಿ ರೋಗ ಬಿದ್ದಾಗ ನಾನು ಮೊದಲು ಬೈದದ್ದು ಔಷಧಿ ಅಂಗಡಿಯವನನ್ನು, ಆಮೇಲೆ ಟ್ರ್ಯಾಕ್ಟರ್ ಡ್ರೈವರನನ್ನು. ಆ ಬೈಗುಳ ಸಲ್ಲಬೇಕಾದದ್ದು ನನಗೇ ಎಂದು ಗೊತ್ತಾಗಲು ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ಅರ್ಧ ಎಕರೆಯ ಗೊಂಚಲು ಕೈಬಿಟ್ಟಿತ್ತು.

ನಾವು ವಿಜಯಪುರ ಜಿಲ್ಲೆಯ ತಿಕೋಟದ ಕಡೆಯವರು. ಅಪ್ಪ ಪುಣೆಯಲ್ಲಿ ನೌಕರಿ ಮಾಡಿ, ನಿವೃತ್ತರಾದಾಗ ಬಂದ ಹಣದಲ್ಲಿ ಜುನ್ನರ ತಾಲ್ಲೂಕಿನಲ್ಲಿ ಮೂರು ಎಕರೆ ಮಾಡಿದರು. ನಾನು ವಾರದಲ್ಲಿ ಮೂರು ದಿನ ಪುಣೆಯಲ್ಲಿ, ನಾಲ್ಕು ದಿನ ತೋಟದಲ್ಲಿ. ಡ್ರೈವರ್ ಜತ್ತದ ಹುಡುಗ, ಮನೆಮಾತು ಕನ್ನಡ. ಕೂಲಿಗೆ ಬರುವ ಹೆಂಗಸರು ಇಂಡಿ, ಚಡಚಣದವರು. ಸುತ್ತ ಊರೆಲ್ಲ ಮರಾಠಿಯಾದರೂ ನಮ್ಮ ಸಾಲುಗಳ ನಡುವೆ ಕೇಳಿಸುವುದು ನಮ್ಮ ಕಡೆಯ ಮಾತೇ. ರೋಗದ ಹೆಸರುಗಳು ಮಾತ್ರ ಊರವರವು: ಬೂದಿ ರೋಗಕ್ಕೆ ಭುರಿ, ಬೂಜು ತುಪ್ಪಟಕ್ಕೆ ಡೌನಿ.

ಅಕ್ಟೋಬರ್ ಚಾಟನಿ, ಅಂದರೆ ಬಳ್ಳಿ ಸವರುವ ಕೆಲಸ, ಆಗಿ ಮೂವತ್ತೈದು ದಿನ ಕಳೆದಿತ್ತು. ಹೂ ಬಿಡುವ ಹೊತ್ತು. ಎರಡು ದಿನ ಮಳೆ ಹಿಡಿಯಿತು, ಮೂರನೆಯ ಬೆಳಗ್ಗೆ ಎದುರಿನ ಸಾಲೂ ಕಾಣದಷ್ಟು ಮಂಜು. ಡೌನಿಗೆ ಬೇಕಾದದ್ದೇ ಇದು. ಎಲೆಯ ಕೆಳಮೈಯಲ್ಲಿರುವ ಉಸಿರು ರಂಧ್ರಗಳ ಮೂಲಕ ಅದು ಒಳಹೋಗುತ್ತದೆ, ಹೋಗಲು ನೀರಿನ ಪಸೆ ಬೇಕು. ನಾನು ತಡಮಾಡಲಿಲ್ಲ. ಡೈಮಿಥೋಮಾರ್ಫ್ ಜೊತೆ ಮ್ಯಾಂಕೋಜೆಬ್, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಕಲಸಿ ಬ್ಲೋವರಿನಿಂದ, ಅಂದರೆ ಟ್ರ್ಯಾಕ್ಟರಿಗೆ ಕಟ್ಟಿ ಫ್ಯಾನಿನ ಗಾಳಿಯಲ್ಲಿ ಔಷಧಿ ಚಿಮ್ಮಿಸುವ ಯಂತ್ರದಿಂದ, ಹೊಡೆಸಿದೆ. ಆರನೆಯ ದಿನ ಎಲೆಗಳ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ. ಮಗುಚಿ ನೋಡಿದರೆ ಬಿಳಿ ಅರಳೆ. ಇನ್ನೊಮ್ಮೆ ಹೊಡೆಸಿದೆ. ಕಲೆ ಗೊಂಚಲಿಗೂ ಇಳಿಯಿತು.

ಎಲೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರಕ್ಕೆ ಹೋದೆ. 1997ರಲ್ಲಿ ಶುರುವಾದ ಈ ಕೇಂದ್ರದ ಬಾಗಿಲನ್ನು ಅಲ್ಲಿಯವರೆಗೆ ನಾನು ತುಳಿದಿರಲಿಲ್ಲ. ಹೆದ್ದಾರಿಯಲ್ಲಿ ಹೋಗುವಾಗ ಫಲಕ ನೋಡಿದ್ದೆ, ಅಷ್ಟೇ. ಇನ್ನೂ ಬಲವಾದ ಔಷಧಿಯ ಹೆಸರು ಬರೆದುಕೊಡುತ್ತಾರೆಂದು ಜೇಬಿನಲ್ಲಿ ಪೆನ್ನು ಸಿದ್ಧವಾಗಿತ್ತು. ಎಲೆ ನೋಡಿದವರು ಕೇಳಿದ್ದೇ ಬೇರೆ: “ಔಷಧಿ ಒಳಗಿನ ಎಲೆಯ ಅಡಿಗೆ ಮುಟ್ಟುತ್ತಿದೆಯೇ? ಹೇಗೆ ಗೊತ್ತು?” ನನ್ನಲ್ಲಿ ಉತ್ತರವಿರಲಿಲ್ಲ. ತೊಟ್ಟಿಕ್ಕುವಷ್ಟು ನೆನೆದಿತ್ತು ಎಂದೆ. ಅವರು ನಕ್ಕು, ಬೆರಳುದ್ದದ ಹಳದಿ ಕಾಗದಗಳನ್ನು ಕೊಟ್ಟರು. ಹನಿ ಬಿದ್ದಲ್ಲಿ ನೀಲಿಯಾಗುವ ಕಾಗದ.

ಮರುದಿನ ಬರಿಯ ನೀರು ತುಂಬಿಸಿ ಪರೀಕ್ಷೆ ಮಾಡಿದೆವು. ಹೊರಗಿನ ಎಲೆಗೆ ನಾಲ್ಕು, ಚಪ್ಪರದ ಒಳಗೆ ಗೊಂಚಲಿನ ಪಕ್ಕದ ಎಲೆಗಳ ಕೆಳಮೈಗೆ ನಾಲ್ಕು ಕಾಗದ ಚುಚ್ಚಿದೆ. ಟ್ರ್ಯಾಕ್ಟರ್ ಹಾದುಹೋದ ಮೇಲೆ ಹೊರಗಿನವು ಶಾಯಿ ಚೆಲ್ಲಿದಂತೆ ಪೂರ್ತಿ ನೀಲಿ. ಒಳಗಿನವು ಅರಿಸಿನದಷ್ಟೇ ಹಳದಿ, ಅಲ್ಲೊಂದು ಇಲ್ಲೊಂದು ಸಾಸಿವೆ ಗಾತ್ರದ ಚುಕ್ಕೆ. ಎರಡು ಸಲದ ಔಷಧಿ ಎಲ್ಲಿ ಹೋಯಿತೆಂಬುದು ಅಂಗೈಯಲ್ಲಿ ಕಂಡಿತು.

ಆಗ ಡ್ರೈವರ್ ಬಾಯಿ ಬಿಟ್ಟ. “ಕಾಕಾ, ಗಾಡಿ ಎಳೆಯುತ್ತಿಲ್ಲ ಎಂದು ಹದಿನೈದು ದಿನದಿಂದ ಹೇಳುತ್ತಿದ್ದೇನೆ. ಬ್ಲೋವರ್ ಹಾಕಿದ ಕೂಡಲೇ ಸೊರಗುತ್ತದೆ.” ಹೇಳಿದ್ದು ಹೌದು. ಥ್ರಾಟಲ್ ಏರಿಸು ಎಂದು ನಾನೇ ಅವನ ಬಾಯಿ ಮುಚ್ಚಿಸಿದ್ದೆ. ಮೀಟರ್ ನೋಡುತ್ತ ಅವನ ಪಕ್ಕದಲ್ಲಿ ಒಂದು ಸಾಲು ಹೋದೆ. ಎಂಜಿನ್ನಿನ ಬಲವನ್ನು ಬ್ಲೋವರಿಗೆ ಮುಟ್ಟಿಸುವ ಪಿಟಿಓ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗಬೇಕು, ಬ್ಲೋವರನ್ನು ಮಾಡಿರುವುದೇ ಆ ಲೆಕ್ಕಕ್ಕೆ. ನಮ್ಮದು 440ರ ಆಸುಪಾಸಿನಲ್ಲಿ ಏದುಸಿರು ಬಿಡುತ್ತಿತ್ತು. ನೂರು ಸುತ್ತು ಕಡಿಮೆಯಾದರೆ ಏನು ಮಹಾ ಎಂದುಕೊಳ್ಳಬೇಡಿ. ಫ್ಯಾನಿನ ಗಾಳಿಯ ಒತ್ತಡ ಸುತ್ತಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 540ಕ್ಕೆ 440 ಎಂದರೆ ಮೂರನೇ ಒಂದು ಪಾಲು ಒತ್ತಡ ಹೋದಂತೆ. ಎಲೆಯನ್ನು ಮಗುಚಿ ಹನಿಯನ್ನು ಒಳಗೆ ಒಯ್ಯಬೇಕಾದ ಗಾಳಿ ಹೊರಗಿನ ಎಲೆಯನ್ನು ತೊಳೆದು ನಿಲ್ಲುತ್ತಿತ್ತು. ಅನುಮಾನವಾದರೂ ಏಕೆ ಬರಲಿಲ್ಲ ಎಂದರೆ, ಎಂಜಿನ್ ಸೊರಗಿದಾಗ ಟ್ರ್ಯಾಕ್ಟರಿನ ನಡಿಗೆಯೂ ನಿಧಾನವಾಗುತ್ತದೆ. ಔಷಧಿಯ ಟ್ಯಾಂಕ್ ಎಂದಿನಂತೆ ಅಷ್ಟೇ ಸಾಲಿಗೆ ಬರಿದಾಗುತ್ತಿತ್ತು.

ಎಂಜಿನ್ನಿನ ಡೀಸೆಲ್ ಫಿಲ್ಟರ್ ಬಿಚ್ಚಿದೆವು. ಚಹಾದ ಚರಟದ ಬಣ್ಣದ ಲೋಳೆ ಬೆರಳಿಗೆ ಅಂಟಿತು, ಹುಳಿ ವಾಸನೆ. ನೀರು ನಿಲ್ಲುವ ಬಟ್ಟಲಿನ ತಿರುಪನ್ನು ಟ್ರ್ಯಾಕ್ಟರ್ ಕೊಂಡಾಗಿನಿಂದ ಯಾರೂ ತಿರುಗಿಸಿರಲಿಲ್ಲ. ಡೀಸೆಲ್ ಮತ್ತು ನೀರು ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಈ ಲೋಳೆಯಾಗುತ್ತದೆ. ಎಲೆಯ ಮೇಲಿನ ರೋಗಕ್ಕೆ ಹೋರಾಡುತ್ತಿದ್ದವನು ಡೀಸೆಲ್ ಟ್ಯಾಂಕಿನಲ್ಲಿ ಇನ್ನೊಂದನ್ನು ಸಾಕುತ್ತಿದ್ದೆ!

ನೀರು ಬಂದದ್ದೆಲ್ಲಿಂದ? ಪೆಟ್ರೋಲ್ ಪಂಪಿನವನೇ ಬೆರೆಸಿದ್ದಾನೆ ಎಂದು ಜಗಳಕ್ಕೆ ಹೊರಟಿದ್ದೆ. ಎಂಜಿನ್ನಿನ ಡೀಸೆಲ್ ಪಂಪ್ ರಿಪೇರಿ ಮಾಡುವ ಮೇಸ್ತ್ರಿ ತಡೆದು, “ಮೊದಲು ನಿಮ್ಮ ಬ್ಯಾರಲ್ ತೋರಿಸಿ” ಎಂದ. ಬೇವಿನ ಮರದಡಿ 200 ಲೀಟರಿನ ಡೀಸೆಲ್ ಬ್ಯಾರಲ್ ನೆಟ್ಟಗೆ ನಿಂತಿತ್ತು, ಅರ್ಧ ಖಾಲಿ. ಮೇಲ್ಮುಚ್ಚಳದ ಅಂಚಿನೊಳಗೆ ಮಳೆಯ ನೀರು ತಟ್ಟೆಯಲ್ಲಿ ನಿಂತಂತೆ ನಿಂತಿತ್ತು. ಹಗಲಿನ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿನಿಂದ ಹೊರಬೀಳುತ್ತದೆ. ಸಂಜೆ ತಂಪಾದಾಗ ಕುಗ್ಗಿ, ಮೇಲೆ ನಿಂತ ನೀರನ್ನು ಒಳಗೆಳೆದುಕೊಳ್ಳುತ್ತದೆ. ಬಿಗಿ ಬಿರಡೆಯೂ ಇದನ್ನು ಪೂರ್ತಿ ತಡೆಯುವುದಿಲ್ಲವಂತೆ. ನಾವೋ ಪೈಪನ್ನು ತಳಕ್ಕೆ ಮುಟ್ಟಿಸಿ ಎಳೆಯುತ್ತಿದ್ದೆವು. ನೀರು ಡೀಸೆಲಿಗಿಂತ ಭಾರ, ತಳದಲ್ಲೇ ಕೂಡುತ್ತದೆ. ಮೊದಲು ಟ್ಯಾಂಕಿಗೆ ಬರುತ್ತಿದ್ದದ್ದೇ ಅದು.

ಈಗಿನ ಡೀಸೆಲ್ ತೆಳ್ಳಗಾಗಿದೆ, ಅದರಿಂದಲೇ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಹೋಗುತ್ತವೆ ಎಂದು ಊರಲ್ಲಿ ಕಟ್ಟೆಯ ಮೇಲೆ ಕುಳಿತವರೆಲ್ಲ ಹೇಳುತ್ತಾರೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲಿನಲ್ಲಿ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿದದ್ದು ನಿಜ. ಗಂಧಕ ತೆಗೆಯುವಾಗ ಜಿಡ್ಡಿನ ಗುಣವೂ ತಗ್ಗುತ್ತದೆ, ಅದಕ್ಕೆ ಶುದ್ಧೀಕರಣ ಘಟಕದಲ್ಲೇ ಬೇರೆ ಸಂಯುಕ್ತ ಸೇರಿಸುತ್ತಾರೆ. ನನ್ನ ನಾಝಲಿನ ಸೂಜಿಗೆ ಗೀರು ಬಿದ್ದದ್ದು ನೀರಿನಿಂದ. ಎಂಜಿನ್ನಿನ ಡೀಸೆಲ್ ಪಂಪಿನ ಒಳಭಾಗಗಳಿಗೆ ಡೀಸೆಲೇ ಕೀಲೆಣ್ಣೆ. ನೀರು ಹೊಕ್ಕರೆ ಲೋಹಕ್ಕೆ ಲೋಹ ತಿಕ್ಕುತ್ತದೆ.

ಬ್ಯಾರಲನ್ನು ತಗಡಿನ ಶೆಡ್ಡಿನೊಳಗೆ ಅಡ್ಡ ಮಲಗಿಸಿದೆ, ಎರಡೂ ಬಿರಡೆ ಒಂದೇ ಮಟ್ಟದಲ್ಲಿ ಎಡಬಲಕ್ಕೆ ಬರುವಂತೆ. ತುಂಬಿದ ಮೇಲೆ ಒಂದು ದಿನ ಮುಟ್ಟುವುದಿಲ್ಲ. ತಳದಿಂದ ನಾಲ್ಕು ಬೆರಳು ಮೇಲಿನಿಂದ ಎಳೆಯುತ್ತೇವೆ. ಟ್ರ್ಯಾಕ್ಟರಿನ ಟ್ಯಾಂಕನ್ನು ಸಂಜೆ ಕೆಲಸ ಮುಗಿದ ಕೂಡಲೇ ತುಂಬಿಸುತ್ತೇವೆ, ಖಾಲಿ ಜಾಗವಿದ್ದರೆ ರಾತ್ರಿಯ ತಂಪಿಗೆ ಒಳಗೋಡೆ ಬೆವರುತ್ತದೆ. ನಾಝಲ್, ಎರಡು ಫಿಲ್ಟರ್, ಟ್ಯಾಂಕ್ ತೊಳೆಸಿದ್ದು ಎಲ್ಲ ಸೇರಿ ಆದ ಖರ್ಚು ನಾನು ಎರಡನೆಯ ಸಲ ಸುಮ್ಮನೆ ಹೊಡೆಸಿದ ಔಷಧಿಯ ಖರ್ಚಿಗಿಂತ ಕಡಿಮೆ.

ಆ ಎರಡನೆಯ ಹೊಡೆತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. 2010ರಲ್ಲಿ ಬಳ್ಳಿಯ ಬೆಳವಣಿಗೆ ತಡೆಯುವ ಸಿಸಿಸಿ ಎಂಬ ರಾಸಾಯನಿಕದ ಶೇಷ ಸಿಕ್ಕಿತೆಂದು ಯುರೋಪಿನವರು ನಮ್ಮ ದೇಶದ ದ್ರಾಕ್ಷಿ ನಿರಾಕರಿಸಿದ್ದನ್ನು ಇಲ್ಲಿನ ರೈತರು ಮರೆತಿಲ್ಲ. ಒಂದೇ ಗುಂಪಿನ ಔಷಧಿ ಮೇಲಿಂದ ಮೇಲೆ ಬಿದ್ದರೆ ಅದಕ್ಕೆ ಜಗ್ಗದ ರೋಗಾಣುವೇ ಉಳಿದು ಮರಿ ಮಾಡುತ್ತದೆ. ಯಾವುದನ್ನು ಎಷ್ಟು, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬ ಮಾಂಜರಿಯ ಪಟ್ಟಿಯನ್ನು ನಾನು ಹಿಂದೆ ರಫ್ತಿನವರ ಕಾಗದಪತ್ರ ಎಂದು ಬದಿಗಿಡುತ್ತಿದ್ದೆ. ಈಗ ಅದು ಶೆಡ್ಡಿನ ಬಾಗಿಲಿಗೆ ಅಂಟಿದೆ. ಆ ಪಟ್ಟಿಯ ಪ್ರತಿ ಸಾಲೂ ಔಷಧಿ ಎಲೆಗೆ ಮುಟ್ಟಿದೆ ಎಂದು ನಂಬಿ ಬರೆದದ್ದು.

ಡ್ರೈವರ್ ಸಾಸ್ ಬಾಟಲಿಯೊಂದನ್ನು ತೊಳೆದು ಇಟ್ಟುಕೊಂಡಿದ್ದಾನೆ. ರಾತ್ರಿ ಅದರಲ್ಲಿ ಬ್ಯಾರಲಿನ ಡೀಸೆಲ್ ಹಿಡಿದಿಟ್ಟು, ಬೆಳಗ್ಗೆ ತಳದಲ್ಲಿ ಗೆರೆ ಇದೆಯೇ ಎಂದು ಸೂರ್ಯನಿಗೆ ಹಿಡಿದು ನೋಡುತ್ತಾನೆ. ಕಳೆದ ವಾರ ನಾನು ಅವಸರ ಮಾಡಿದಾಗ, “ಇನ್ನೂ ತಿಳಿಯಾಗಿಲ್ಲ ಕಾಕಾ, ಚಹಾ ಕುಡಿದು ಬನ್ನಿ” ಎಂದು ನನ್ನನ್ನೇ ಕಳುಹಿಸಿದ.